ಸಾವಿನ ಹೊಸ್ತಿಲಿನಿಂದ ಮರಳಿದವರು: ವಿಜ್ಞಾನಕ್ಕೆ ಗೊತ್ತಿರುವುದೆಷ್ಟು?



"ಸತ್ತ ಹತ್ತು ನಿಮಿಷದ ಮೇಲೆ ಎದ್ದು ಬಂದ! ಪರಲೋಕವನ್ನು ಕಣ್ಣಾರೆ ನೋಡಿದ!" ಇಂಥ ತಲೆಬರಹದ ವಿಡಿಯೋ ನಮ್ಮಲ್ಲಿ ಬಹುತೇಕ ಎಲ್ಲರ ಮೊಬೈಲಿಗೂ ಒಂದಲ್ಲ ಒಂದು ದಿನ ಬಂದಿರುತ್ತದೆ. ಅದನ್ನು ನೋಡಿದವರಲ್ಲಿ ಕೆಲವರು "ಆತ್ಮ ಇದೆ ಎಂದು ವಿಜ್ಞಾನವೇ ಒಪ್ಪಿಕೊಂಡಿತು" ಎನ್ನುತ್ತಾರೆ. ಇನ್ನು ಕೆಲವರು "ಎಲ್ಲ ಬರೀ ಭ್ರಮೆ, ಮೆದುಳಿನ ಆಟ" ಎಂದು ನಕ್ಕುಬಿಡುತ್ತಾರೆ. ಎರಡೂ ಕಡೆಯವರು ತೀರ್ಪು ಕೊಡಲು ಸ್ವಲ್ಪ ಅವಸರ ಮಾಡುತ್ತಾರೆ. ಸಂಶೋಧಕರು ನಿಜವಾಗಿ ಏನನ್ನು ಅಳೆದಿದ್ದಾರೆ, ಯಾವುದನ್ನು ಅಳೆಯಲು ಆಗಿಲ್ಲ, ಅದರಿಂದ ನಾವು ಕಲಿಯಬೇಕಾದದ್ದು ಏನು ಎಂಬುದನ್ನು ಒಂದೊಂದಾಗಿ ತಿಳಿಯೋಣ.

ಏನಿದು ಸಾವಿನ ಸಮೀಪದ ಅನುಭವ?

ಹೃದಯ ನಿಂತು, ಚಿಕಿತ್ಸೆಯಿಂದ ಮತ್ತೆ ಬದುಕಿದವರಲ್ಲಿ ಕೆಲವರು ವಿಚಿತ್ರವಾದ ನೆನಪುಗಳನ್ನು ಹೇಳುತ್ತಾರೆ. ನೋವು ಮಾಯವಾಗಿ ಶಾಂತಿ ತುಂಬಿತು, ದೇಹದಿಂದ ಹೊರಗೆ ಬಂದು ಮೇಲಿನಿಂದ ನನ್ನನ್ನೇ ನೋಡಿದೆ, ಕತ್ತಲ ಸುರಂಗದ ಕೊನೆಯಲ್ಲಿ ಬೆಳಕು ಕಂಡಿತು, ತೀರಿಹೋದ ಬಂಧುಗಳು ಸಿಕ್ಕರು, ಇಡೀ ಬದುಕು ಕಣ್ಣ ಮುಂದೆ ಹಾದುಹೋಯಿತು ಎನ್ನುತ್ತಾರೆ. ಎಲ್ಲರೂ ಎಲ್ಲವನ್ನೂ ಹೇಳುವುದಿಲ್ಲ.

ಇದು ಹೊಸ ವಿಷಯವೇನಲ್ಲ. ಸ್ವಿಟ್ಜರ್‌ಲೆಂಡಿನ ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಸ್ವತಃ ಆಲ್ಪ್ಸ್ ಪರ್ವತದಲ್ಲಿ ಬಿದ್ದು ಬದುಕಿದವರು. ತಮ್ಮಂತೆಯೇ ಬಿದ್ದು ಉಳಿದವರ ಅನುಭವಗಳನ್ನು ಸಂಗ್ರಹಿಸಿ 1892ರಲ್ಲಿಯೇ ಪ್ರಕಟಿಸಿದ್ದರು. ಆದರೆ ಈ ಅನುಭವಕ್ಕೆ ಜಗತ್ತಿನಾದ್ಯಂತ ಒಂದು ಹೆಸರು ಬಂದದ್ದು 1975ರಲ್ಲಿ, ಅಮೆರಿಕದ ರೇಮಂಡ್ ಮೂಡಿಯವರ 'ಲೈಫ್ ಆಫ್ಟರ್ ಲೈಫ್' ಪುಸ್ತಕದಿಂದ. 1983ರಲ್ಲಿ ಮನೋವೈದ್ಯ ಬ್ರೂಸ್ ಗ್ರೇಸನ್ ಇದನ್ನು ಅಳೆಯಲು 16 ಪ್ರಶ್ನೆಗಳ ಒಂದು ಮಾಪನ ತಯಾರಿಸಿದರು. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಎರಡು ಅಂಕ, ಒಟ್ಟು 32. ಏಳು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಮಾತ್ರ ಅದನ್ನು ಸಾವಿನ ಸಮೀಪದ ಅನುಭವ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಇಲ್ಲಿ 'ಸಮೀಪ' ಎಂಬ ಪದವನ್ನು ಗಮನಿಸಿ. ಇಡೀ ವಿಷಯದ ಬೀಗದ ಕೈ ಆ ಪದದಲ್ಲಿದೆ.

ಸಂಖ್ಯೆಗಳು ಹೇಳುವುದೇನು?

ನೆದರ್‌ಲೆಂಡ್ಸಿನ ಹೃದ್ರೋಗ ತಜ್ಞ ಪಿಮ್ ವಾನ್ ಲೊಮ್ಮೆಲ್ ಮತ್ತು ಸಂಗಡಿಗರು ಹತ್ತು ಆಸ್ಪತ್ರೆಗಳಲ್ಲಿ ಹೃದಯ ನಿಂತು ಮತ್ತೆ ಬದುಕಿದ 344 ರೋಗಿಗಳನ್ನು ಮಾತನಾಡಿಸಿದರು. ಫಲಿತಾಂಶ 2001ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 344 ಜನರಲ್ಲಿ 62 ಮಂದಿ, ಅಂದರೆ ಶೇಕಡ 18ರಷ್ಟು ಜನ ಇಂಥ ಅನುಭವ ಹೇಳಿದರು. ಉಳಿದ ಶೇಕಡ 82 ಜನರಿಗೆ ಏನೂ ನೆನಪಿರಲಿಲ್ಲ. ವಿಡಿಯೋಗಳಲ್ಲಿ ಈ 82ರ ಮಾತು ಬರುವುದೇ ಇಲ್ಲ.

ಇನ್ನೊಂದು ದೊಡ್ಡ ಅಧ್ಯಯನ ವೈದ್ಯ ಸ್ಯಾಮ್ ಪರ್ನಿಯಾ ಅವರದು. ಅದರ ಹೆಸರು 'ಅವೇರ್'. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅವರು ಒಂದು ಸರಳ ಉಪಾಯ ಮಾಡಿದರು. ಆಸ್ಪತ್ರೆಯ ಕೋಣೆಗಳಲ್ಲಿ ಚಾವಣಿಯ ಹತ್ತಿರ ಚಿಕ್ಕ ಹಲಗೆಗಳನ್ನು ಹಾಕಿಸಿ, ಮೇಲಿನಿಂದ ನೋಡಿದರೆ ಮಾತ್ರ ಕಾಣುವಂತೆ ಚಿತ್ರಗಳನ್ನು ಇಟ್ಟರು. ರೋಗಿ ನಿಜವಾಗಿಯೂ ದೇಹ ಬಿಟ್ಟು ಮೇಲೆ ತೇಲಿದ್ದರೆ ಆ ಚಿತ್ರವನ್ನು ಹೇಳಬೇಕಲ್ಲವೇ? ಲೆಕ್ಕ ಹೀಗಿದೆ:

ಒಟ್ಟು ಹೃದಯಸ್ತಂಭನ ಪ್ರಕರಣಗಳು: 2060
ಬದುಕಿ ಉಳಿದವರು: 330
ಸಂದರ್ಶನಕ್ಕೆ ಸಿಕ್ಕವರು: 140
ಎರಡನೇ ಹಂತದ ವಿವರವಾದ ಸಂದರ್ಶನ: 101
ಅವರಲ್ಲಿ ಸಾವಿನ ಸಮೀಪದ ಅನುಭವ ಹೇಳಿದವರು: ಶೇಕಡ 9
ಆಗ ಕಂಡದ್ದನ್ನು, ಕೇಳಿದ್ದನ್ನು ಸ್ಪಷ್ಟವಾಗಿ ಹೇಳಿದವರು: 2
ನಡೆದ ಸಂಗತಿಯೊಂದಿಗೆ ಹೋಲಿಸಿ ನೋಡಲು ಸಾಧ್ಯವಾದದ್ದು: 1

ಆ ಒಬ್ಬರು ಹೇಳಿದ ಮಾತು ಕೋಣೆಯಲ್ಲಿ ನಡೆದದ್ದಕ್ಕೆ ಹೊಂದುತ್ತಿತ್ತು. ಇದು ಸಣ್ಣ ವಿಷಯವಲ್ಲ. ಆದರೆ ಆ ಕೋಣೆಯಲ್ಲಿ ಹಲಗೆಯೂ ಇರಲಿಲ್ಲ, ಚಿತ್ರವೂ ಇರಲಿಲ್ಲ. ಹಾಗಾಗಿ ಪರೀಕ್ಷೆ ಪೂರ್ತಿಯಾಗಲಿಲ್ಲ. 2023ರಲ್ಲಿ ಬಂದ ಎರಡನೇ ಅಧ್ಯಯನದಲ್ಲಿ 567 ಪ್ರಕರಣಗಳಲ್ಲಿ 53 ಮಂದಿ ಉಳಿದರು, 28 ಮಂದಿ ಸಂದರ್ಶನಕ್ಕೆ ಸಿಕ್ಕರು, 11 ಮಂದಿ ಏನಾದರೂ ನೆನಪು ಹೇಳಿದರು. ತೋರಿಸಿದ ಚಿತ್ರವನ್ನು ಯಾರೂ ಗುರುತಿಸಲಿಲ್ಲ. ಕಿವಿಗೆ ಹಾಕಿದ್ದ ಹೆಡ್‌ಫೋನಿನ ಶಬ್ದವನ್ನು ಒಬ್ಬರು ಗುರುತಿಸಿದರು.

ಸಂಖ್ಯಾಶಾಸ್ತ್ರ ಓದುವವರಿಗೆ ಮಾದರಿ ಆಯ್ಕೆಯ ಪಾಠ ನೆನಪಿರಬೇಕು. ಯಾರನ್ನು ಕೇಳುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಮೇಲಿನ ಪಟ್ಟಿಯಲ್ಲಿ 2060ರಿಂದ 330ನ್ನು ಕಳೆದರೆ 1730. ಆ 1730 ಮಂದಿ ಮರಳಿ ಬರಲಿಲ್ಲ. ಸಾವಿನ ನಂತರ ಏನು ಎಂಬ ಪ್ರಶ್ನೆಗೆ ಸಾಕ್ಷಿ ಹೇಳಬೇಕಾದವರು ಅವರು. ಅವರನ್ನು ಕೇಳಲು ಸಾಧ್ಯವಿಲ್ಲ. ಮರಳಿ ಬಂದವರು ಹೇಳುವುದು ಹೊಸ್ತಿಲಿನ ಕಥೆ, ಮನೆಯೊಳಗಿನ ಕಥೆಯಲ್ಲ.

ಮೆದುಳಿನಲ್ಲಿ ಏನಾಗುತ್ತದೆ?

ಹೃದಯ ನಿಂತ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಮೆದುಳಿಗೆ ರಕ್ತ ಹೋಗುವುದಿಲ್ಲ, ಆಮ್ಲಜನಕ ಇಲ್ಲ. ಹಾಗಾದರೆ ಇಷ್ಟು ಸ್ಪಷ್ಟವಾದ ನೆನಪು ಹೇಗೆ ಹುಟ್ಟಿತು?

ಮಿಷಿಗನ್ ವಿಶ್ವವಿದ್ಯಾಲಯದ ಜಿಮೋ ಬೋರ್ಜಿಗಿನ್ ಮತ್ತು ಸಂಗಡಿಗರು 2013ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಹೃದಯ ನಿಂತ ಮೊದಲ 30 ಸೆಕೆಂಡುಗಳಲ್ಲಿ ಅವುಗಳ ಮೆದುಳಿನಲ್ಲಿ 'ಗಾಮಾ' ಎಂಬ ವಿದ್ಯುತ್ ಅಲೆಗಳು ಜೋರಾಗಿ ಎದ್ದವು. ಗಾಮಾ ಅಲೆಗಳಿಗೂ ಎಚ್ಚರದ ಯೋಚನೆಗೂ ಸಂಬಂಧವಿದೆ ಎಂದು ತಜ್ಞರು ಹೇಳುತ್ತಾರೆ. 2023ರಲ್ಲಿ ಅದೇ ತಂಡ ಸಾಯುತ್ತಿದ್ದ ನಾಲ್ವರು ರೋಗಿಗಳ ಮೆದುಳಿನ ದಾಖಲೆ ಪ್ರಕಟಿಸಿತು. ಉಸಿರಾಟದ ಯಂತ್ರ ತೆಗೆದ ನಂತರ ಇಬ್ಬರಲ್ಲಿ ಇದೇ ಬಗೆಯ ಅಲೆಗಳು ಕಂಡವು. ದೀಪ ಆರುವ ಮೊದಲು ಒಮ್ಮೆ ಜೋರಾಗಿ ಉರಿಯುವುದಿಲ್ಲವೇ, ಹಾಗೆ. ಆದರೆ ಆ ಇಬ್ಬರೂ ತೀರಿಕೊಂಡರು. ಆ ಅಲೆಗಳ ಹೊತ್ತಿನಲ್ಲಿ ಅವರಿಗೆ ಏನಾದರೂ ಕಂಡಿತೇ, ಇಲ್ಲವೇ ಎಂದು ಹೇಳಲು ಅವರು ಇಲ್ಲ.

'ದೇಹದಿಂದ ಹೊರಗೆ ಬಂದೆ' ಎಂಬ ಭಾವನೆಯ ಬಗ್ಗೆಯೂ ಒಂದು ಸುಳಿವಿದೆ. 2002ರಲ್ಲಿ ಸ್ವಿಟ್ಜರ್‌ಲೆಂಡಿನ ವೈದ್ಯ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗವಿದ್ದ ಒಬ್ಬ ಮಹಿಳೆಯ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ, ಆಕೆಗೆ ತಾನು ಮೇಲೆ ತೇಲುತ್ತಾ ಹಾಸಿಗೆಯಲ್ಲಿರುವ ತನ್ನ ದೇಹವನ್ನೇ ನೋಡುತ್ತಿರುವಂತೆ ಅನಿಸಿತು. ಆಕೆ ಸಾವಿನ ಹತ್ತಿರವೂ ಇರಲಿಲ್ಲ.

ಹಾಗಾದರೆ 'ಎಲ್ಲ ಮೆದುಳಿನ ಆಟ' ಎಂದು ಮುಗಿಸಬಹುದೇ? ಅದೂ ಅವಸರವೇ. ಮೆದುಳಿನ ಯಾವ ಜಾಗ ಕೆಲಸ ಮಾಡುತ್ತದೆ ಎಂದು ತೋರಿಸುವುದು ಬೇರೆ, 'ನಾನು' ಎಂಬ ಅರಿವು ಏಕೆ ಇದೆ ಎಂದು ಹೇಳುವುದು ಬೇರೆ. ನರಕೋಶಗಳ ವಿದ್ಯುತ್ತಿನಿಂದ ಕೆಂಪು ಬಣ್ಣವನ್ನು 'ಕಾಣುವ' ಅನುಭವ ಹೇಗೆ ಹುಟ್ಟುತ್ತದೆ? ತತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ 1995ರಲ್ಲಿ ಇದನ್ನು ಪ್ರಜ್ಞೆಯ 'ಕಠಿಣ ಸಮಸ್ಯೆ' ಎಂದು ಕರೆದರು. ಅದಿನ್ನೂ ಬಗೆಹರಿದಿಲ್ಲ. ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ (980–1037) ಇದನ್ನು ಬೇರೆ ರೀತಿಯಲ್ಲಿ ಕೇಳಿದ್ದರು. ಒಬ್ಬ ಮನುಷ್ಯ ಗಾಳಿಯಲ್ಲಿ ತೇಲುತ್ತಿದ್ದಾನೆ, ಅವನಿಗೆ ಏನೂ ಕಾಣದು, ಕೇಳದು, ತನ್ನ ಕೈಕಾಲು ಕೂಡ ತಾಗದು ಎಂದುಕೊಳ್ಳಿ. ಆಗಲೂ ಅವನಿಗೆ 'ನಾನಿದ್ದೇನೆ' ಎಂದು ಗೊತ್ತಿರುವುದಿಲ್ಲವೇ? ಗೊತ್ತಿರುತ್ತದೆ ಎಂದರು ಅವರು. ಅವರು ತತ್ವಜ್ಞಾನಿ ಮಾತ್ರವಲ್ಲ, ತಮ್ಮ ಕಾಲದ ದೊಡ್ಡ ವೈದ್ಯರೂ ಆಗಿದ್ದರು.

ಭಾರತದಲ್ಲಿ ಸುರಂಗ ಏಕೆ ಕಾಣಲಿಲ್ಲ?

ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಒಂದು ಜಾಗವಿದೆ. ಅಲ್ಲಿನ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ, ಅಮೆರಿಕದ ಇಯಾನ್ ಸ್ಟೀವನ್‌ಸನ್ ಜೊತೆಗೂಡಿ, ಭಾರತದ 16 ಪ್ರಕರಣಗಳ ಬಗ್ಗೆ 1986ರಲ್ಲಿ ಬರೆದರು. ಇಲ್ಲಿನವರು ಹೇಳಿದ ಕಥೆ ಬೇರೆಯೇ ಆಗಿತ್ತು. ದೂತರು ಬಂದು ಕರೆದುಕೊಂಡು ಹೋದರು, ಅಲ್ಲಿ ಪುಸ್ತಕ ಹಿಡಿದ ಒಬ್ಬರು ಹೆಸರು ನೋಡಿದರು, "ಇವನಲ್ಲ, ಬೇರೆಯವನನ್ನು ತರಬೇಕಿತ್ತು" ಎಂದು ವಾಪಸ್ ಕಳಿಸಿದರು! ಅಮೆರಿಕದವರು ಹೇಳುವಂತೆ ಮೇಲಿನಿಂದ ತಮ್ಮ ದೇಹ ನೋಡಿಕೊಂಡದ್ದು ಇಲ್ಲಿ ಕಾಣಲಿಲ್ಲ.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಅನುಭವ ಪ್ರಾಮಾಣಿಕವಾಗಿರಬಹುದು, ಹೇಳುವವರು ಸುಳ್ಳು ಹೇಳುತ್ತಿಲ್ಲದಿರಬಹುದು. ಆದರೂ ಅದು ಹಾಕಿಕೊಳ್ಳುವ ಬಟ್ಟೆಯನ್ನು ಅವರು ಬೆಳೆದ ಮನೆ, ಕೇಳಿದ ಕಥೆಗಳು ಹೊಲಿದು ಕೊಡುತ್ತವೆ. ಒಂದು ವಿಡಿಯೋವನ್ನು ನಮ್ಮ ನಂಬಿಕೆಗೆ ಪುರಾವೆ ಎಂದು ತೆಗೆದುಕೊಂಡರೆ, ಇನ್ನೊಬ್ಬರ ವಿಡಿಯೋವನ್ನು ಅವರ ನಂಬಿಕೆಗೆ ಪುರಾವೆ ಎಂದು ಒಪ್ಪಬೇಕಾಗುತ್ತದೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ದೀನ್ ಏನು ಕಲಿಸುತ್ತದೆ?

ಉರ್ದು ಮಾತನಾಡುವ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ 'ಇಂತಿಕಾಲ್ ಆಯಿತು' ಎನ್ನುತ್ತೇವೆ. ಇಂತಿಕಾಲ್ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು, ವರ್ಗಾವಣೆ. ಕನ್ನಡದಲ್ಲಿಯೂ 'ಹೋಗಿಬಿಟ್ಟರು' ಎನ್ನುತ್ತೇವೆ. ಮುಗಿದುಹೋದರು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಪವಿತ್ರ ಕುರ್‌ಆನಿನ ಸೂರಃ ಝುಮರ್ ನಿದ್ರೆಯನ್ನೂ ಸಾವನ್ನೂ ಜೊತೆಯಲ್ಲಿಟ್ಟು ಹೇಳುತ್ತದೆ. ಅಲ್ಲಾಹನು ನಿದ್ರೆಯಲ್ಲಿಯೂ ಪ್ರಾಣವನ್ನು ವಶಕ್ಕೆ ತೆಗೆದುಕೊಳ್ಳುತ್ತಾನೆ, ಅವಧಿ ಉಳಿದವರದನ್ನು ಮರಳಿ ಕಳಿಸುತ್ತಾನೆ ಎಂಬುದು ಅದರ ಸಾರಾಂಶ. ಸೂರಃ ಮೂಮಿನೂನ್‌ನಲ್ಲಿ ಬರುವ 'ಬರ್ಝಖ್' ಎಂಬ ಪದಕ್ಕೆ ತಡೆ, ಪರದೆ ಎಂದು ಅರ್ಥ. ಅದರ ಆಚೆ ಹೋದವರು ಪುನರುತ್ಥಾನದ ದಿನದವರೆಗೆ ಈಚೆ ಬರುವುದಿಲ್ಲ. ಹಾಗಿದ್ದರೆ ಆಸ್ಪತ್ರೆಯಿಂದ ಮನೆಗೆ ಮರಳಿದವರು ಆ ಪರದೆಯನ್ನು ದಾಟಿಲ್ಲ. ಸಂಶೋಧಕರು 'ಸಮೀಪ' ಎನ್ನುವ ಮಾತಿಗೂ ಇದಕ್ಕೂ ಜಗಳವಿಲ್ಲ. ಇನ್ನು ರೂಹ್ ಬಗ್ಗೆ ಕೇಳಿದವರಿಗೆ ಸೂರಃ ಇಸ್ರಾ ಕೊಡುವ ಉತ್ತರ ಬಹಳ ಚಿಕ್ಕದು: ಅದು ಪ್ರಭುವಿನ ಆಜ್ಞೆಗೆ ಸೇರಿದ್ದು, ನಮಗೆ ಕೊಟ್ಟಿರುವ ಜ್ಞಾನ ಅಲ್ಪ.

ನಮ್ಮ ನಂಬಿಕೆ ಗೈಬ್‌ನ ಮೇಲೆ, ಅಂದರೆ ಕಣ್ಣಿಗೆ ಕಾಣದ್ದರ ಮೇಲೆ ನಿಂತಿದೆ. ಅದಕ್ಕೆ ಮೊಬೈಲಿಗೆ ಬಂದ ವಿಡಿಯೋದ ಆಸರೆ ಬೇಡ. ಇಂದು ಆ ಆಸರೆ ಹಿಡಿದವರ ನಂಬಿಕೆ, ನಾಳೆ ಅದು ಸುಳ್ಳೆಂದು ತಿಳಿದಾಗ ಜೊತೆಗೇ ಅಲುಗಾಡುತ್ತದೆ.

ಇದೆಲ್ಲ ನಮಗೇಕೆ ಬೇಕು?

ಮೂರು ಕಾರಣಗಳಿವೆ. ಮೂರೂ ಯಾರದಾದರೂ ಮನೆಯ ಬಾಗಿಲಿಗೆ ಬರುವಂಥವು.

ಒಂದು, ಮೆದುಳಿನ ಸಾವು. "ಸತ್ತವರೇ ಎದ್ದು ಬಂದಿದ್ದಾರೆ, ನಮ್ಮವರೂ ಏಳಬಹುದು" ಎಂದು ಮನೆಯವರು ಆಸೆಯಿಂದ ಕಾಯುತ್ತಾರೆ. ಹೃದಯ ನಿಂತು ಮತ್ತೆ ಓಡುವುದು ಬೇರೆ, ಕೋಮಾ ಬೇರೆ, ಮೆದುಳು ಕಾಂಡದ ಸಾವು ಬೇರೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ಮಾಡಿಯೇ ಇದನ್ನು ದೃಢಪಡಿಸಬೇಕು. ಇದರಿಂದ ಯಾರೂ ಮರಳುವುದಿಲ್ಲ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಕೂಡ ಮೆದುಳಿನ ಸಾವನ್ನು ಸಾವು ಎಂದು ಒಪ್ಪಿತು. ಉಲಮಾಗಳಲ್ಲಿ ಬೇರೆ ಅಭಿಪ್ರಾಯದವರೂ ಇದ್ದಾರೆ. ಆ ಕಷ್ಟದ ಹೊತ್ತಿನಲ್ಲಿ ಹುಡುಕಾಡುವ ಬದಲು ಈಗಲೇ ಮನೆಯಲ್ಲಿ ಮಾತನಾಡಿ, ಆಲಿಮರನ್ನು ಕೇಳಿ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಎರಡು, ಹಾಸಿಗೆಯ ಪಕ್ಕದ ನಡತೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯ ಗಂಟೆಗಳಲ್ಲಿ ಮಾತು ನಿಂತು ಪ್ರತಿಕ್ರಿಯೆಯೇ ಇಲ್ಲದ ಕೆಲವು ರೋಗಿಗಳ ಮೆದುಳು ಕೂಡ ಶಬ್ದಕ್ಕೆ ಸ್ಪಂದಿಸುತ್ತಿತ್ತು. ಪ್ರವಾದಿ(ಸ)ಯವರು ಸಾವಿನ ಹಾಸಿಗೆಯಲ್ಲಿರುವವರ ಬಳಿ ಕಲಿಮಾ ಹೇಳಿರಿ ಎಂದು ಕಲಿಸಿದ್ದಾರೆ. ಇದೇ ತಲ್ಕೀನ್. ಆದ್ದರಿಂದ ರೋಗಿಯ ತಲೆಯ ಬಳಿ ನಿಂತು ಆಸ್ತಿಯ ಮಾತು, ಬಿಲ್ಲಿನ ಮಾತು, ಅಳುವಿನ ಕೂಗು ಬೇಡ. ಅವರಿಗೆ ಕೇಳಿಸುತ್ತಿದೆ ಎಂದೇ ತಿಳಿದು ಪ್ರೀತಿಯ ಮಾತಾಡಬೇಕು. ಯಾವ ಧರ್ಮದ ಮನೆಯಾದರೂ ಇದು ಒಂದೇ.

ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು. ಮೇಲೆ ಹೇಳಿದ ಪ್ರತಿಯೊಬ್ಬರೂ ಮರಳಿ ಬಂದದ್ದು ಹೇಗೆ? ಬಹುಪಾಲು ಪ್ರಕರಣಗಳಲ್ಲಿ ಯಾರೋ ಒಬ್ಬರು ಅವರ ಎದೆ ಒತ್ತಿದರು. ಹೃದಯ ನಿಂತು ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಆಂಬ್ಯುಲೆನ್ಸ್ ಬರುವವರೆಗೆ ಕಾಯಲು ಆಗದು. ದೊಡ್ಡವರು ಯಾರಾದರೂ ಕುಸಿದು ಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಕೂಡಲೇ 108ಕ್ಕೆ ಕರೆ ಮಾಡಿಸಬೇಕು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಬಗ್ಗಿಸದೆ ಒತ್ತಬೇಕು. ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಸಹಾಯ ಬರುವವರೆಗೆ ನಿಲ್ಲಿಸಬಾರದು. ಓದಿ ತಿಳಿದರೆ ಸಾಲದು, ಗೊಂಬೆಯ ಮೇಲೆ ಅಭ್ಯಾಸ ಮಾಡಬೇಕು. ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆಯಾದರೂ ಇಂಥ ತರಬೇತಿ ನಡೆಯಲಿ ಎಂಬುದು ನನ್ನ ಕೋರಿಕೆ.

ಒಂದು ಜೀವ ಉಳಿಸಿದವನು ಇಡೀ ಮಾನವಕುಲವನ್ನೇ ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆ ನಮಗೆಲ್ಲ ಗೊತ್ತು. ಹೊಸ್ತಿಲಿನ ಆಚೆ ಏನಿದೆ ಎಂಬುದು ಅಲ್ಲಾಹನಿಗೆ ಬಿಟ್ಟದ್ದು. ಹೊಸ್ತಿಲಿನ ಈಚೆ ಇರುವವರ ಕೈಹಿಡಿಯುವುದು ನಮ್ಮ ಕೆಲಸ.

ಚರ್ಚೆಗೆ ಪ್ರಶ್ನೆಗಳು

1. 344 ಜನರಲ್ಲಿ 62 ಮಂದಿ ಅನುಭವ ಹೇಳಿದರು. ಉಳಿದವರಿಗೆ ಅನುಭವ ಆಗಲೇ ಇಲ್ಲವೇ, ಅಥವಾ ಆದದ್ದು ಮರೆತುಹೋಯಿತೇ? ಇವೆರಡನ್ನು ಬೇರ್ಪಡಿಸುವುದು ಹೇಗೆ?
2. ಮೆದುಳಿನಲ್ಲಿ ಒಂದು ಅಲೆ ಕಂಡಿತು ಎಂಬುದು, ಆ ವ್ಯಕ್ತಿಗೆ ಅರಿವು ಇತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆಯೇ?
3. ನಂಬಿಕೆಗೂ ಪುರಾವೆಗೂ ಇರುವ ವ್ಯತ್ಯಾಸವನ್ನು ನಿಮ್ಮದೇ ಒಂದು ಉದಾಹರಣೆಯಿಂದ ವಿವರಿಸಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ