ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ ಪ್ಲಗ್ಗನ್ನು ಆರಿಸುವ ಬಗೆ



ಹಾಲಿನ ಸಂಘದ ಸದಸ್ಯರ ಹೆಸರು, ಯಾರು ಎಷ್ಟು ಲೀಟರು ಹಾಕಿದರು, ಫ್ಯಾಟು ಎಷ್ಟು ಬಂತು ಎಂಬ ಲೆಕ್ಕವೆಲ್ಲ ಹಿಂದೆ ದಪ್ಪ ಪುಸ್ತಕದಲ್ಲಿರುತ್ತಿತ್ತು. ಈಗ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಅದು ಮೇಜಿನ ಕಂಪ್ಯೂಟರಿನೊಳಗೆ, ಹಾರ್ಡ್ ಡಿಸ್ಕ್ ಎಂಬ ಅಂಗೈಯಗಲದ ಡಬ್ಬಿಯಲ್ಲಿದೆ. ಆ ಡಬ್ಬಿ ಸುಟ್ಟರೆ ಬಟವಾಡೆಗೆ ಆಧಾರವೇ ಇಲ್ಲದಂತಾಗುತ್ತದೆ. ಅಲ್ಪ ಬೆಲೆಯ ಒಂದು ಅಡಾಪ್ಟರ್ ಇಂಥ ನಷ್ಟಕ್ಕೆ ಕಾರಣವಾಗುವುದುಂಟು. ಆದಕಾರಣ ರಿಪೇರಿಯವನ ಕೈಗೆ ಪೆಟ್ಟಿಗೆ ಕೊಡುವವರೂ ಇದನ್ನು ತಿಳಿದಿರಬೇಕು.

ಪೆಟ್ಟಿಗೆಯ ಮೂಲೆಯಲ್ಲಿ ಫ್ಯಾನು ತಿರುಗುವ ಲೋಹದ ಡಬ್ಬಿಗೆ ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಗೋಡೆಯಿಂದ ಬರುವ 230 ವೋಲ್ಟನ್ನು ಅದು ಇಳಿಸಿ ಹಂಚುತ್ತದೆ. ಸಾಮಾನ್ಯವಾಗಿ ಹಳದಿ ತಂತಿಯಲ್ಲಿ 12 ವೋಲ್ಟು, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3, ಕಪ್ಪು ತಂತಿ ಹಿಂದಿರುಗುವ ದಾರಿ. ಹಳೆಯ ಡ್ರೈವುಗಳಿಗೆ ನಾಲ್ಕು ದುಂಡು ಕಡ್ಡಿಗಳ ಪ್ಲಗ್ಗು, ಅದರ ಹೆಸರು ಮೋಲೆಕ್ಸ್. ಈಗಿನವಕ್ಕೆ 15 ಸಣ್ಣ ಪಟ್ಟಿಗಳ ಚಪ್ಪಟೆ ಪ್ಲಗ್ಗು, ಅದು ಸಾಟಾ.

ಬರೀ 12 ವೋಲ್ಟಿನಿಂದ ಏನಾದೀತು ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿ. ದೊಡ್ಡ ಹಾರ್ಡ್ ಡಿಸ್ಕು ತಿರುಗಲು ಶುರುಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಅಂದರೆ 24 ವಾಟು. ಅದೇ 24 ವಾಟಿಗೆ 230 ವೋಲ್ಟಿನಲ್ಲಿ ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ವೋಲ್ಟು ಇಳಿದಷ್ಟೂ ಆಂಪಿಯರ್ ಏರುತ್ತದೆ, ತಂತಿ ಮತ್ತು ಜೋಡಣೆಯ ಮೇಲೆ ಭಾರ ಬೀಳುತ್ತದೆ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ ತಂದವರು ಸಾವಿರಾರು ವೋಲ್ಟಿನಲ್ಲಿ ತಂದದ್ದೂ ಇದೇ ಕಾರಣಕ್ಕೆ. ಬೋರ್‌ವೆಲ್ಲಿನ ಸ್ಟಾರ್ಟರಿನಲ್ಲಿ ಒಂದು ತಿರುಪು ಸಡಿಲವಾದರೆ ಅಲ್ಲೇ ಕಾವೇರಿ ಕರಕಲು ವಾಸನೆ ಬರುವುದನ್ನು ನೀವು ಬಲ್ಲಿರಿ. ಹಾರ್ಡ್ ಡಿಸ್ಕಿನ ಪ್ಲಗ್ಗಿನಲ್ಲೂ ನಡೆಯುವುದು ಅದೇ.

ಸಾಟಾ ಪ್ಲಗ್ಗಿನ ಒಂದೊಂದು ಪಟ್ಟಿಗೆ 1.5 ಆಂಪಿಯರ್ ಮಿತಿ. 12 ವೋಲ್ಟಿಗೆ ಮೂರು ಪಟ್ಟಿ, ಒಟ್ಟು 4.5 ಆಂಪಿಯರ್. ಹೀಗಾಗಿ ಒಂದು ಸಾಟಾ ಪ್ಲಗ್ಗನ್ನು ಕವಲೊಡೆಸಿ ಎರಡು ಡಿಸ್ಕು ನಡೆಸಿದರೆ ಅಂಚಿಗೆ ಬಂದಂತೆ, ಮೂರನೆಯದನ್ನು ಹಾಕಲೇಬಾರದು. ಸಾಟಾದಿಂದ ಮೋಲೆಕ್ಸಿಗೆ ಬದಲಿಸಿ ಬೇರೆ ದೊಡ್ಡ ಭಾರ ಹೊರಿಸುವುದೂ ತಪ್ಪು.

ಎಸ್.ಎಂ.ಪಿ.ಎಸ್.ನಲ್ಲಿಯೇ ಸಾಟಾ ಪ್ಲಗ್ಗು ಉಳಿದಿದ್ದರೆ ಅದನ್ನೇ ಬಳಸಿ, ಅಡಾಪ್ಟರಿನ ಗೊಡವೆ ಬೇಡ. ಇಲ್ಲದಿದ್ದರೆ ಮೋಲೆಕ್ಸಿನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಕೊಳ್ಳಬೇಕಾಗುತ್ತದೆ. ಅದರಲ್ಲಿ ಎರಡು ಜಾತಿ. ಒಂದರಲ್ಲಿ ತಂತಿಗಳನ್ನು ಇಟ್ಟು ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ಹಿಂಬದಿ ಒಂದೇ ಗಟ್ಟಿ ಮುದ್ದೆ. ಹೊಯ್ಯುವಾಗ ತಂತಿ ಒಳಗೆ ಸರಿದು, ಹಳದಿ ಕಪ್ಪುಗಳ ನಡುವೆ ಎಡೆ ಕಡಿಮೆಯಾದರೆ ಹೊರಗಿನಿಂದ ಕಾಣುವುದೇ ಇಲ್ಲ. ಪಟ್ಟಿಗಳ ಅಂತರ ಒಂದೂಕಾಲು ಮಿಲಿಮೀಟರಿನಷ್ಟೇ! ತಿಂಗಳುಗಟ್ಟಲೆ ಸರಿಯಾಗಿ ನಡೆದು ಆಮೇಲೆ ಒಂದು ದಿನ ಹೊಗೆಯಾಡಿದವು ಇಂಥವೇ. ಇನ್ನೊಂದು ಜಾತಿಯಲ್ಲಿ ತಂತಿಗಳನ್ನು ಲೋಹದ ಹಲ್ಲುಗಳಿಗೆ ಒತ್ತಿ, ಹಿಂದೆ ಬೇರೆ ಮುಚ್ಚಳ ಕೂರಿಸಿರುತ್ತಾರೆ. ಪ್ರತಿ ತಂತಿ ತನ್ನ ಜಾಗದಲ್ಲಿ ಕೂತಿರುವುದು ಕಣ್ಣಿಗೆ ಕಾಣುತ್ತದೆ. ಇದನ್ನೇ ಕೊಳ್ಳಿ. ಅಂಗಡಿಯವನು ಎರಡೂ ಒಂದೇ ಎಂದರೆ ನಂಬಬೇಡಿ.

ಮೋಲೆಕ್ಸನ್ನು ತಿರುವುಮುರುವು ಮಾಡಿ ಬಲವಂತವಾಗಿ ತುರುಕಿದರೆ 5 ವೋಲ್ಟಿನ ಜಾಗಕ್ಕೆ 12 ಹೋಗಿ ಡಿಸ್ಕು ಸುಡುತ್ತದೆ. ಅದರ ಎರಡು ಮೂಲೆ ಕತ್ತರಿಸಿರುವುದು ದಿಕ್ಕು ತೋರಿಸಲೆಂದೇ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೆಲವು ಎಸ್.ಎಂ.ಪಿ.ಎಸ್.ಗಳ ಕೇಬಲ್ಲನ್ನು ಪೂರ್ತಿ ಕಳಚಬಹುದು. ಒಂದು ಕಂಪನಿಯ ಕೇಬಲ್ಲು ಇನ್ನೊಂದರ ಡಬ್ಬಿಗೆ ಸರಿಯಾಗಿ ಕೂತರೂ ಒಳಗೆ ತಂತಿಗಳ ಕ್ರಮ ಬೇರೆಯಿರಬಹುದು. ಗುಂಡಿ ಒತ್ತಿದ ಕ್ಷಣದಲ್ಲಿ ಒಳಗಿರುವ ಡಿಸ್ಕುಗಳೆಲ್ಲ ಒಟ್ಟಿಗೆ ಹೋದಾವು. ಎಸ್.ಎಂ.ಪಿ.ಎಸ್. ಬದಲಿಸಿದಾಗ ಹಳೆಯ ಕೇಬಲ್ಲನ್ನು ಉಳಿಸಿಕೊಳ್ಳುವ ಜಾಣತನ ಬೇಡ.

2016ರ ನಂತರದ ಕೆಲವು ದೊಡ್ಡ ಡಿಸ್ಕುಗಳು ಹಳೆಯ ಎಸ್.ಎಂ.ಪಿ.ಎಸ್.ಗೆ ಜೋಡಿಸಿದರೆ ತಿರುಗುವುದೇ ಇಲ್ಲ. ಕೆಟ್ಟಿದೆಯೆಂದು ಎಸೆಯಬೇಡಿ. ಮೂರನೆಯ ಪಟ್ಟಿಯಲ್ಲಿ 3.3 ವೋಲ್ಟು ಬಂದರೆ ನಿಂತಿರಬೇಕೆಂಬುದು ಅವುಗಳಿಗಿರುವ ಹೊಸ ಏರ್ಪಾಡು. ಕಿತ್ತಳೆ ತಂತಿಯಿಲ್ಲದ ಮೋಲೆಕ್ಸ್ ಅಡಾಪ್ಟರ್ ಹಾಕಿದರೆ ನಡೆಯುತ್ತವೆ.

ಪೆಟ್ಟಿಗೆ ಬಿಚ್ಚುವ ಮುನ್ನ ಲೆಕ್ಕದ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಇಳಿಸಿಕೊಂಡು, ಗೋಡೆಯ ಪ್ಲಗ್ಗನ್ನೇ ಕಿತ್ತಿಡಿ. ಹೊಸ ಅಡಾಪ್ಟರ್ ಹಾಕಿ ಅರ್ಧ ಗಂಟೆ ನಡೆಸಿ, ಮತ್ತೆ ವಿದ್ಯುತ್ ಕಿತ್ತು, ಪ್ಲಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಅಥವಾ ಪ್ಲಾಸ್ಟಿಕ್ ಹಳದಿಗಟ್ಟಿದ್ದರೆ ಅದೇ ದಿನ ಬದಲಾಯಿಸತಕ್ಕದ್ದು.