ವೀಸಾ ಬೆರಳಚ್ಚು: ಕೊಯಮತ್ತೂರು, ತಿರುಪ್ಪೂರಿನಿಂದ ಹೊರಡುವ ಮುನ್ನ

ವೀಸಾ ಅರ್ಜಿಯಲ್ಲಿ ಫಾರಂ ತುಂಬುವುದು, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸುವುದು, ಶುಲ್ಕ ಕಟ್ಟುವುದು ಎಲ್ಲವನ್ನೂ ಏಜೆಂಟರು ಮಾಡಿಕೊಟ್ಟಾರು. ಬೆರಳಚ್ಚು ಕೊಡಲು ಮಾತ್ರ ಅರ್ಜಿದಾರರೇ ಹೋಗಬೇಕು. ಆದರೂ ಆ ದಿನವನ್ನು ಗೊತ್ತುಮಾಡುವವರು ಹೆಚ್ಚಾಗಿ ಏಜೆಂಟರೇ. ‘ನಾಡಿದ್ದು ಚೆನ್ನೈಗೆ ಹೋಗಿ ಬನ್ನಿ, ಸ್ಲಾಟ್ ಹಾಕಿದ್ದೇನೆ’ ಎಂದು ಫೋನ್ ಬಂದರೆ ಮನೆಮಂದಿಯೆಲ್ಲ ಬ್ಯಾಗು ಹುಡುಕಲು ಶುರುಮಾಡುತ್ತಾರೆ. ದಿನ, ಊರು, ಯಾರು ಯಾರು ಹೋಗಬೇಕು ಎಂಬ ಮೂರನ್ನೂ ಅರ್ಜಿದಾರರೇ ತೀರ್ಮಾನಿಸಿದರೆ ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ.

ಈ ಎರಡು ಜಿಲ್ಲೆಗಳಿಂದ ಹೊರದೇಶಕ್ಕೆ ಹೋಗುವವರಲ್ಲಿ ಬಟ್ಟೆ ಖರೀದಿದಾರರನ್ನು ಕಾಣಲು ಯುರೋಪಿಗೆ ಹೊರಡುವ ತಿರುಪ್ಪೂರಿನ ಬನಿಯನ್ ಕಂಪನಿಯವರಿದ್ದಾರೆ, ಕೊಯಮತ್ತೂರಿನ ಕಾಲೇಜುಗಳಲ್ಲಿ ಓದಿ ಬ್ರಿಟನ್, ಕೆನಡಾದತ್ತ ಹೊರಟ ಹುಡುಗ ಹುಡುಗಿಯರಿದ್ದಾರೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಾಯಂದಿರಿದ್ದಾರೆ. ಇವರಲ್ಲಿ ಕನ್ನಡದ ಮನೆಗಳವರೂ ಉಂಟು: ಸಿರುಮುಗೈ, ಕೊಯಮತ್ತೂರು ಕಡೆಯ ದೇವಾಂಗ ನೇಕಾರರು, ಒಕ್ಕಲಿಗ ಗೌಡರು. ಮನೆಯಲ್ಲಿ ಕನ್ನಡ, ಏಜೆಂಟರ ಮುಂದೆ ತಮಿಳು, ಫಾರಂ ಇಂಗ್ಲಿಷಿನದು. ಷರತ್ತುಗಳನ್ನು ಪೂರ್ತಿ ಓದದೆಯೇ ಸಹಿ ಬೀಳುವುದು ಹೆಚ್ಚಾಗಿ ಇಲ್ಲಿಯೇ.

ಮೊದಲು ಊರಿನ ವಿಷಯ. ಅಮೆರಿಕದ ವೀಸಾಕ್ಕೆ ತಮಿಳುನಾಡಿನವರು ಸಾಮಾನ್ಯವಾಗಿ ಚೆನ್ನೈಗೇ ಹೋಗುತ್ತಾರೆ. ಅಲ್ಲಿಯೂ ಒಂದು ದಿನ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೊ, ಇನ್ನೊಂದು ದಿನ ಅಣ್ಣಾ ಸಾಲೈಯ ಕಾನ್ಸುಲೇಟಿನಲ್ಲಿ ಸಂದರ್ಶನ. ಇವೆರಡನ್ನೂ ಬೆನ್ನುಬೆನ್ನಿಗೇ ಹಾಕಿಸಿಕೊಂಡರೆ ಒಂದೇ ಪ್ರಯಾಣದಲ್ಲಿ ಕೆಲಸ ಮುಗಿಯುತ್ತದೆ. ಕೆನಡಾದ ಬೆರಳಚ್ಚನ್ನು ಚೆನ್ನೈ, ಬೆಂಗಳೂರು ಎರಡರಲ್ಲಿ ಎಲ್ಲಾದರೂ ಕೊಡಬಹುದು. ಕೊಯಮತ್ತೂರಿನಲ್ಲಿ ಅದರ ಕೇಂದ್ರವಿಲ್ಲ. ಯುರೋಪಿನ ಶೆಂಗನ್ ದೇಶಗಳದ್ದು ಒಂದೊಂದಕ್ಕೆ ಒಂದೊಂದು ಪದ್ಧತಿ. ಕೆಲವು ದೇಶಗಳು ಅರ್ಜಿದಾರರ ವಿಳಾಸದ ರಾಜ್ಯ ನೋಡಿ ಕೇಂದ್ರ ಹಂಚುತ್ತವೆ. ಪಾಲಕ್ಕಾಡ್ ದಾಟಿದರೆ ಕೊಚ್ಚಿ ಹತ್ತಿರ ಎಂದು ಅಲ್ಲಿ ಸ್ಲಾಟ್ ಹಿಡಿಯುವ ಮುನ್ನ ಆ ದೇಶದ ಅಧಿಕೃತ ಜಾಲತಾಣದಲ್ಲಿ ತಮಿಳುನಾಡಿನ ಅರ್ಜಿದಾರರಿಗೆ ಯಾವ ಕೇಂದ್ರ ಎಂದು ನೋಡಿಕೊಳ್ಳಬೇಕು. ಕೌಂಟರಿನಲ್ಲಿ ‘ಇಲ್ಲಿ ಆಗುವುದಿಲ್ಲ’ ಎನ್ನಿಸಿಕೊಂಡು ಬಂದರೆ ಪ್ರಯಾಣದ ಖರ್ಚನ್ನು ಯಾರೂ ತುಂಬಿಕೊಡುವುದಿಲ್ಲ.

ಹೊಸ ಬೆರಳಚ್ಚು ನಿಜವಾಗಿ ಬೇಕೇ ಎಂಬುದನ್ನೂ ನೋಡಿ. ಕೆನಡಾಕ್ಕೆ ಒಮ್ಮೆ ಕೊಟ್ಟದ್ದು 10 ವರ್ಷ ನಡೆಯುತ್ತದೆ. ಐದಾರು ವರ್ಷದ ಹಿಂದೆ ಮಗನನ್ನು ನೋಡಿಬಂದ ತಾಯಿ ಮತ್ತೆ 85 ಕೆನಡಾ ಡಾಲರ್ ಕಟ್ಟಿ ಚೆನ್ನೈಗೆ ಹೋಗಬೇಕಾಗಿಲ್ಲ. ಹಳೆಯ ಬೆರಳಚ್ಚು ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಆ ದೇಶದ ವಲಸೆ ಇಲಾಖೆಯ ತಾಣದಲ್ಲೇ ತಿಳಿಯುತ್ತದೆ. ಶೆಂಗನ್ ದೇಶಗಳು ಭಾರತದಲ್ಲಿ ಬೆರಳಚ್ಚು ತೆಗೆಯತೊಡಗಿದ್ದು 2015ರ ನವೆಂಬರ್ 2ರಿಂದ. ಅಲ್ಲಿ ಒಮ್ಮೆ ಕೊಟ್ಟ ಬೆರಳಚ್ಚನ್ನು 59 ತಿಂಗಳೊಳಗಿನ ಮುಂದಿನ ಅರ್ಜಿಗಳಿಗೆ ಬಳಸಿಕೊಳ್ಳಬಹುದು. ವರ್ಷಕ್ಕೆರಡು ಸಲ ಜರ್ಮನಿಗೆ ಹೋಗುವ ತಿರುಪ್ಪೂರಿನ ಮಾರಾಟ ವಿಭಾಗದವರು ಹಳೆಯ ವೀಸಾದ ತಾರೀಕನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬ್ರಿಟನ್ನಿಗೆ ಇಲ್ಲಿಂದ ಅರ್ಜಿ ಹಾಕಿದಾಗಲೆಲ್ಲ ಹೊಸದಾಗಿ ಕೊಡಬೇಕು. ಮಕ್ಕಳ ವಯಸ್ಸಿನ ಮಿತಿಯೂ ಬೇರೆಬೇರೆ: ಶೆಂಗನ್ನಿಗೆ 12 ವರ್ಷದೊಳಗಿನವರು, ಕೆನಡಾಕ್ಕೆ 14ರೊಳಗಿನವರು ಬೆರಳಚ್ಚು ಕೊಡಬೇಕಿಲ್ಲ, ಬ್ರಿಟನ್ ಐದು ವರ್ಷದೊಳಗಿನವರ ಫೋಟೊ ಮಾತ್ರ ತೆಗೆಯುತ್ತದೆ. ಕೆನಡಾಕ್ಕೆ 79 ದಾಟಿದ ಅಜ್ಜ ಅಜ್ಜಿಯರಿಗೂ ವಿನಾಯಿತಿ ಇದೆ.

ಗಡುವಿನ ವಿಷಯದಲ್ಲಿ ಎರಡು ಲೆಕ್ಕ ಸಾಕು. ಕೆನಡಾ ಶುಲ್ಕ ಕಟ್ಟಿದ ಮೇಲೆ ಬೆರಳಚ್ಚು ಕೊಡಿ ಎಂಬ ಸೂಚನಾಪತ್ರ ಕಳಿಸುತ್ತದೆ. ಅಂದಿನಿಂದ 30 ದಿನದೊಳಗೆ ಕೊಡಬೇಕು, ಆ ಪತ್ರವಿಲ್ಲದೆ ಕೇಂದ್ರದೊಳಗೆ ಕೆಲಸವಾಗದು. ಶೆಂಗನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, 15 ದಿನಕ್ಕಿಂತ ತಡಮಾಡುವಂತಿಲ್ಲ. ತೀರ್ಮಾನಕ್ಕೆ 15 ದಿನ ಎಂದು ಅವರ ವೀಸಾ ಸಂಹಿತೆ ಹೇಳುತ್ತದಾದರೂ ಅದನ್ನು 45 ದಿನದವರೆಗೆ ಎಳೆಯಲು ಅವಕಾಶವಿದೆ. ಕೇಳಿದ ಎರಡು ವಾರದೊಳಗೆ ಅಪಾಯಿಂಟ್‌ಮೆಂಟ್ ಸಿಗುವುದು ರೂಢಿಯಾಗಬೇಕು ಎಂಬ ಮಾತೂ ಅದೇ ಸಂಹಿತೆಯಲ್ಲಿದೆ. ಬೇಸಿಗೆ ರಜೆಯ ಹೊತ್ತಿಗೆ ಆ ಸಾಲನ್ನು ನಂಬಿ ವಿಮಾನದ ಟಿಕೆಟ್ ತೆಗೆಸಬೇಡಿ.

ದಾರಿಯದೂ ಒಂದು ಲೆಕ್ಕವಿದೆ. ಚೆನ್ನೈಗೆ ಚೇರನ್ ಎಕ್ಸ್‌ಪ್ರೆಸ್, ಮೇಟುಪಾಳ್ಯದಿಂದ ಹೊರಡುವ ನೀಲಗಿರಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಇಳಿಸುತ್ತವೆ. ಸ್ಲಾಟ್ ಹತ್ತೂವರೆ, ಹನ್ನೊಂದಕ್ಕಿರಲಿ; ರೈಲು ತಡವಾದರೂ ಉಸಿರು ಬಿಡಲು ಹೊತ್ತಿರುತ್ತದೆ. ಬೆಂಗಳೂರಿಗೆ ವಂದೇ ಭಾರತ್, ಉದಯ್ ರೈಲುಗಳು ಹಗಲಿನವು. ಮಧ್ಯಾಹ್ನ ತಲುಪಿ ಅದೇ ರೈಲಿನಲ್ಲಿ ಹಿಂದಿರುಗುವ ಲೆಕ್ಕ ಬೇಡ. ಕಾರಿನಲ್ಲಿ ಸತ್ಯಮಂಗಲ, ಚಾಮರಾಜನಗರದ ಮೇಲೆ ಹೋಗುವವರು ದಿಂಬಂ ಘಾಟಿಯನ್ನು ಮರೆಯಬಾರದು. 27 ಹೇರ್‌ಪಿನ್ ತಿರುವುಗಳ ಆ ದಾರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ನಡುರಾತ್ರಿ ಹೊರಟು ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರು ಸೇರುವ ಯೋಚನೆ ಇದ್ದರೆ ಸೇಲಂ, ಹೊಸೂರಿನ ದಾರಿಯೇ ಸರಿ.

ಇನ್ನು ಬೆರಳಿನ ಮಾತು. ಮಗ್ಗದ ಮುಂದೆ ನಲವತ್ತು ವರ್ಷ ಕೂತವರ, ಡೈಯಿಂಗ್ ಪಟ್ಟರೆಯಲ್ಲಿ ದುಡಿದವರ, ಪಾತ್ರೆ ಬಟ್ಟೆ ತಿಕ್ಕಿ ತಿಕ್ಕಿ ಸವೆದ ಅಮ್ಮಂದಿರ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರುವುದಿಲ್ಲ. ರೇಷನ್ ಅಂಗಡಿಯ ಯಂತ್ರ ಇವರ ಹೆಬ್ಬೆರಳನ್ನು ಎಷ್ಟೋ ಸಲ ತಿರಸ್ಕರಿಸಿರುತ್ತದೆ. ಹಾಗಾಗಿ ವೀಸಾ ಕೇಂದ್ರ ಎಂದರೆ ಅಳುಕು. ಬೆರಳಚ್ಚು ಮೂಡಲಿಲ್ಲ ಎಂಬುದು ವೀಸಾ ನಿರಾಕರಿಸಲು ತಾನಾಗಿಯೇ ಕಾರಣವಾಗದು. ಶೆಂಗನ್ ವೀಸಾ ಸಂಹಿತೆಯ 13ನೇ ವಿಧಿ ಇದನ್ನು ಬಿಡಿಸಿ ಹೇಳಿದೆ: ದೈಹಿಕವಾಗಿ ಬೆರಳಚ್ಚು ಕೊಡಲಾಗದವರಿಗೆ ವಿನಾಯಿತಿ, ಹತ್ತರಲ್ಲಿ ಏಳೋ ಎಂಟೋ ಮೂಡಿದರೆ ಮೂಡಿದಷ್ಟನ್ನೇ ತೆಗೆದುಕೊಳ್ಳಬೇಕು, ತೊಂದರೆ ತಾತ್ಕಾಲಿಕವಾದರೆ ಮುಂದಿನ ಅರ್ಜಿಯಲ್ಲಿ ಕೇಳಬಹುದು. ಬೆರಳು ಕಳೆದುಕೊಂಡವರು, ಚರ್ಮರೋಗದವರು ವೈದ್ಯರ ಪತ್ರ ಒಯ್ಯಲಿ. ಕೌಂಟರಿನವರು ಒಮ್ಮೆ ನೋಡಿ ‘ಬರುತ್ತಿಲ್ಲ, ಹೋಗಿ’ ಎಂದರೆ ಎದ್ದು ಬರಬೇಡಿ. ಮತ್ತೊಮ್ಮೆ ತೆಗೆಯಲು, ಮೇಲ್ವಿಚಾರಕರನ್ನು ಕರೆಯಲು, ಆದದ್ದನ್ನು ದಾಖಲಿಸಲು ಕೇಳಿ. ವೀಸಾ ಕೊಡುವುದು ಬಿಡುವುದು ಕೌಂಟರಿನವರ ಅಧಿಕಾರವಲ್ಲ, ಕಾನ್ಸುಲೇಟಿನದು.

ಗಾಯ, ಬೊಬ್ಬೆ, ಮದರಂಗಿ ಇವು ಮೂರೂ ಆ ವಾರ ಬೆರಳ ತುದಿಯಲ್ಲಿ ಇರಕೂಡದು. ಮದುವೆ ಮುಗಿಸಿ ನೇರ ಬ್ರಿಟನ್ ವೀಸಾಕ್ಕೆ ಹೋದ ವಧು ಮದರಂಗಿ ಬಿಡುವವರೆಗೆ ಕಾಯಬೇಕಾದೀತು. ಒಣಗಿದ ಕೈಗೆ ಒಂದು ವಾರ ಮೊದಲಿನಿಂದ ರಾತ್ರಿ ಹೊತ್ತು ಕೊಬ್ಬರಿ ಎಣ್ಣೆ ಸವರಿದರೆ ಗೆರೆ ಸ್ವಲ್ಪ ಎದ್ದು ಕಾಣುತ್ತದೆ. ಅಂದು ಬೆಳಿಗ್ಗೆ ಮಾತ್ರ ಹಚ್ಚಬೇಡಿ, ಯಂತ್ರದ ಗಾಜಿನ ಮೇಲೆ ಬೆರಳು ಜಾರುತ್ತದೆ.

ತಮಿಳುನಾಡಿನ ಪಾಸ್‌ಪೋರ್ಟುಗಳಲ್ಲಿ ಹೆಸರಿನದೊಂದು ತೊಡಕು ಇದ್ದೇ ಇದೆ. ಇನಿಷಿಯಲ್ ಬಿಡಿಸಿ ಬರೆಸದೆ ಉಪನಾಮದ ಜಾಗ ಖಾಲಿ ಬಿಟ್ಟವರು ಬಹಳ. ಯುಎಇ 2022ರ ನವೆಂಬರಿನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾ ನಿಲ್ಲಿಸಿದ್ದು ಈ ಕಾರಣಕ್ಕೇ ಇಲ್ಲಿ ಸುದ್ದಿಯಾಯಿತು. ಅಪಾಯಿಂಟ್‌ಮೆಂಟ್ ಪತ್ರದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಅಕ್ಷರಕ್ಕೆ ಅಕ್ಷರ ಇರಬೇಕು. ಪಾಸ್‌ಪೋರ್ಟನ್ನೇ ತಿದ್ದಿಸಬೇಕಾದರೆ ಕೊಯಮತ್ತೂರಿನ ಅವಿನಾಶಿ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೆಲಸ ಮೊದಲು, ವೀಸಾದ್ದು ಆಮೇಲೆ.

ಪಾಸ್‌ಪೋರ್ಟ್ ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನು ಮೊದಲೇ ಕೇಳಿ. ಕೆನಡಾದ ಬೆರಳಚ್ಚಿನ ದಿನ ತೋರಿಸಿ ವಾಪಸು ತರಬಹುದು, ವೀಸಾ ಮಂಜೂರಾದ ಮೇಲೆ ಒಪ್ಪಿಸಿದರಾಯಿತು. ಶೆಂಗನ್ನಿಗೆ ಅಂದೇ ಬಿಟ್ಟು ಬರಬೇಕು. ನಡುವೆ ಬಾಂಗ್ಲಾದೇಶಕ್ಕೋ ಶ್ರೀಲಂಕಾಕ್ಕೋ ಹೋಗುವ ಕೆಲಸವಿದ್ದವರು ಸಿಕ್ಕಿಬೀಳುವುದು ಹೀಗೆ. ಏಜೆಂಟರು ‘ಬಾಕಿ ಹಣ ಕೊಟ್ಟರೆ ಪಾಸ್‌ಪೋರ್ಟ್’ ಎನ್ನುವಂತಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಅದು ಸದಾ ಕೇಂದ್ರ ಸರ್ಕಾರದ ಸೊತ್ತು. ಪೊಲೀಸರಿಗೂ ಅದನ್ನು ಮುಟ್ಟುಗೋಲು ಹಾಕುವ ಅಧಿಕಾರವಿಲ್ಲ, ಪಾಸ್‌ಪೋರ್ಟ್ ಪ್ರಾಧಿಕಾರಕ್ಕೇ ಇರುವುದು ಎಂದು ಸುಪ್ರೀಂ ಕೋರ್ಟ್ ಸುರೇಶ್ ನಂದಾ ಪ್ರಕರಣದಲ್ಲಿ 2008ರಲ್ಲಿ ಹೇಳಿದೆ. ಏಜೆಂಟರ ಮೇಜಿನ ಡ್ರಾಯರಿಗೆ ಆ ಅಧಿಕಾರ ಎಲ್ಲಿಂದ ಬರಬೇಕು?

ಸ್ಲಾಟಿಗೆಂದೇ ಸಾವಿರಾರು ರೂಪಾಯಿ ಕೇಳುವ ದಂಧೆ ಬೇರೆ. ಸ್ಲಾಟನ್ನು ತಾವಾಗಿಯೇ ಹಿಡಿಯುವ ಬಾಟ್‌ಗಳ ಮೂಲಕ ಪಡೆದ ಸುಮಾರು 2,000 ಅಪಾಯಿಂಟ್‌ಮೆಂಟ್‌ಗಳನ್ನು ಅಮೆರಿಕದ ರಾಯಭಾರ ಕಚೇರಿ 2025ರ ಮಾರ್ಚಿನಲ್ಲಿ ರದ್ದುಮಾಡಿತು, ಆ ಖಾತೆಗಳನ್ನೂ ತಡೆಹಿಡಿಯಿತು. ಹಣ ಕೊಟ್ಟವರಿಗೆ ಹಣವೂ ಹೋಯಿತು, ದಿನವೂ ಹೋಯಿತು. ಶೆಂಗನ್ ಕೇಂದ್ರಗಳ ಸೇವಾ ಶುಲ್ಕ ಸಾಮಾನ್ಯವಾಗಿ ವೀಸಾ ಶುಲ್ಕದ ಅರ್ಧವನ್ನು ಮೀರಬಾರದು. 2024ರ ಜೂನ್ 11ರಿಂದ ದೊಡ್ಡವರ ವೀಸಾ ಶುಲ್ಕ 90 ಯೂರೊ. ಲೌಂಜ್, ಕೊರಿಯರ್, ಎಸ್‌ಎಂಎಸ್ ಇವೆಲ್ಲ ಬೇಕಾದರೆ ತೆಗೆದುಕೊಳ್ಳುವಂಥವು.

ಮೋಸವಾದರೆ ಹೋಗಬೇಕಾದ ಜಾಗ ಊರಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಏಜೆನ್ಸಿ ಚೆನ್ನೈಯಲ್ಲಿದ್ದರೂ ದೂರುದಾರರು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ರಸೀದಿ, ಜಿಪೇ ದಾಖಲೆ, ವಾಟ್ಸಾಪ್ ಮಾತುಕತೆ ಅಳಿಸದಿರಿ. ಮೊದಲಿಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೂ ಆದೀತು. ಆದರೆ ಕಂಪನಿ ತನ್ನ ವ್ಯಾಪಾರಕ್ಕೆಂದು ನೌಕರರ ವೀಸಾ ಮಾಡಿಸಿದ್ದರೆ ಅದು ವಾಣಿಜ್ಯ ಉದ್ದೇಶ, ಗ್ರಾಹಕರಲ್ಲ ಎಂಬ ಆಕ್ಷೇಪ ಎದುರಾಗುತ್ತದೆ. ಕಾನ್ಸುಲೇಟ್ ವೀಸಾ ಕೊಡಲಿಲ್ಲ ಎಂಬುದಕ್ಕೂ ಇಲ್ಲಿ ಪರಿಹಾರವಿಲ್ಲ. ಶೆಂಗನ್ ನಿರಾಕರಣೆಗೆ ಆಯಾ ದೇಶದಲ್ಲೇ ಮೇಲ್ಮನವಿ; ಕಾರಣ, ವಿಧಾನ ಎರಡೂ ನಿರಾಕರಣೆ ಪತ್ರದಲ್ಲಿರಬೇಕು. ಕೆಲಸ ಕೊಡಿಸುವೆನೆಂದು ಹಣ ಪಡೆಯುವವರದು 1983ರ ವಲಸೆ ಕಾಯ್ದೆಯಡಿ ಬೇರೆಯದೇ ಲೆಕ್ಕ. ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡಿ. ನೋಂದಾಯಿತರೂ 30,000 ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಹೆಚ್ಚು ಕೇಳುವಂತಿಲ್ಲ. ಆನ್‌ಲೈನ್‌ನಲ್ಲಿ ಹಣ ಹೋದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ.

ಕೊಟ್ಟ ಬೆರಳಚ್ಚು ಎಲ್ಲಿಗೆ ಹೋಗುತ್ತದೆ? ಶೆಂಗನ್ನಿನದು ಅವರ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷದವರೆಗೆ ಇರುತ್ತದೆ; ಬೆರಳಚ್ಚು ತೆಗೆಯುವ ಖಾಸಗಿ ಕೇಂದ್ರ ಆ ವ್ಯವಸ್ಥೆಯೊಳಗೆ ಇಣುಕುವಂತಿಲ್ಲ. ತನ್ನ ಬಗ್ಗೆ ಏನಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಅರ್ಜಿದಾರರಿಗಿದೆ. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ತೀರ್ಪು ಬಂದ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಅವಧಿ ಇಟ್ಟಿದ್ದಾರೆ. ಅಲ್ಲಿಯವರೆಗೆ ಸುಮ್ಮನಿರಬೇಕಿಲ್ಲ. ನನ್ನ ಅನುಮಾನವೆಲ್ಲ ವೀಸಾ ಕೇಂದ್ರದ ಯಂತ್ರಕ್ಕಿಂತ ಏಜೆಂಟರ ಫೋನಿನ ಮೇಲೆ: ಪಾಸ್‌ಪೋರ್ಟ್, ಆಧಾರ್, ಬ್ಯಾಂಕ್ ಪುಟಗಳೆಲ್ಲ ಅಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಕೆಲಸ ಮುಗಿದ ಮೇಲೆ ಅಳಿಸಿ ಎಂದು ಬರಹದಲ್ಲಿ ಕೇಳಿ. ಅರ್ಜಿ ಹಾಕಲು ಬಳಸುವ ಇಮೇಲ್, ಮೊಬೈಲ್ ನಿಮ್ಮವೇ ಇರಲಿ, ಪಾಸ್‌ವರ್ಡೂ ನಿಮ್ಮ ಬಳಿಯೇ ಇರಲಿ. ದಿನ ಬದಲಿಸಬೇಕಾದಾಗ ಏಜೆಂಟರ ಮನೆ ಬಾಗಿಲು ಕಾಯುವುದು ತಪ್ಪುತ್ತದೆ.

ದೂರು ಬರೆಯಲು ಯಾರ ಸಹಾಯವೂ ಇಲ್ಲದವರಿಗೆ ಎರಡೂ ಜಿಲ್ಲೆಗಳಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯ 12ನೇ ಕಲಮಿನಂತೆ ಅಲ್ಲಿ ವಕೀಲರ ನೆರವು ಉಚಿತ.