ಫ್ರಾಂಚೈಸಿ, ಪರ್ಮಿಟ್, ಸಹಕಾರ: ಕೊಪ್ಪದ ‘ಸಹಕಾರ ಸಾರಿಗೆ’

ಫ್ರಾಂಚೈಸಿಯಲ್ಲಿ ಹೆಸರು ಒಬ್ಬರದು, ಬಂಡವಾಳ ಮತ್ತೊಬ್ಬರದು. ಪ್ರವೇಶ ಶುಲ್ಕ, ರಾಯಲ್ಟಿ, ಪ್ರದೇಶ, ಅವಧಿ ಇವು ಒಪ್ಪಂದದ ಮುಖ್ಯ ಷರತ್ತುಗಳು. ಖಾಸಗಿ ಬಸ್ಸಿನ ಪರ್ಮಿಟ್ ಫ್ರಾಂಚೈಸಿ ಅಲ್ಲದಿದ್ದರೂ ಷರತ್ತುಗಳಲ್ಲಿ ಅದಕ್ಕೆ ಹತ್ತಿರ. ಮೋಟಾರು ವಾಹನ ಕಾಯ್ದೆ, 1988ರಂತೆ ಮಾರ್ಗ, ವೇಳಾಪಟ್ಟಿ ಪರ್ಮಿಟ್‌ನಲ್ಲೇ ನಿಗದಿ (ಕಲಂ 72), ಅವಧಿ 5 ವರ್ಷ (ಕಲಂ 81). ದರದ ಬಗ್ಗೆ ನಿರ್ದೇಶನ ನೀಡುವ ಅಧಿಕಾರ ರಾಜ್ಯ ಸರ್ಕಾರದ್ದು (ಕಲಂ 67).

ಇಂಥ ಪರ್ಮಿಟ್‌ಗಳನ್ನು ಕಾರ್ಮಿಕರೇ ಪಡೆದು ಬಸ್ ಓಡಿಸಿದ ಅಪರೂಪದ ಉದಾಹರಣೆ ಕೊಪ್ಪದ ‘ಸಹಕಾರ ಸಾರಿಗೆ’. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ನಿಂತ ಮೇಲೆ ಅದರ ನೌಕರರು ಸಹಕಾರ ಸಂಘ ಕಟ್ಟಿ, 1991ರಲ್ಲಿ 6 ಬಸ್ಸುಗಳಿಂದ ಓಡಾಟ ಆರಂಭಿಸಿದರು. ಮುಂದೆ ಬಸ್ಸುಗಳ ಸಂಖ್ಯೆ 70 ದಾಟಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಒಳಹಳ್ಳಿಗಳಿಗೆ ಇದೇ ಆಸರೆಯಾಗಿತ್ತು. ಟಿಕೆಟ್ ಹರಿದು ಕೊಡುವ ಕಂಡಕ್ಟರೇ ಸಂಘದ ಸದಸ್ಯನಾಗಿದ್ದ. ಆಡಳಿತ ಮಂಡಳಿಯ ಚುನಾವಣೆಯಲ್ಲಿ ಅವನದೂ ಒಂದು ಮತವಿತ್ತು. ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ ಎಂಬುದು ಸಹಕಾರ ತತ್ವ. ಕಂಪನಿಯಲ್ಲಿ ಮತ ಷೇರಿಗೆ ತಕ್ಕಂತೆ.

ಒಂದೇ ಹೆಸರನ್ನು ಹಲವು ಕಾರ್ಮಿಕ ಸಹಕಾರ ಸಂಘಗಳು ಹಂಚಿಕೊಂಡ ‘ಇಂಡಿಯನ್ ಕಾಫಿ ಹೌಸ್’ ಫ್ರಾಂಚೈಸಿಗೆ ಇನ್ನೂ ಸಮೀಪ. ಅದರ ಮೊದಲ ಸಂಘ ಸ್ಥಾಪನೆಯಾದದ್ದು 1957ರಲ್ಲಿ, ಬೆಂಗಳೂರಿನಲ್ಲಿ.

ಮತ್ತೆ ಕೊಪ್ಪಕ್ಕೆ ಬಂದರೆ, ಡೀಸೆಲ್, ಬಿಡಿಭಾಗ, ವಿಮೆಯ ಖರ್ಚು ಏರುತ್ತಿದ್ದರೂ ಟಿಕೆಟ್ ದರ ಅಲ್ಲಿನ ಸಂಘದ ಕೈಯಲ್ಲಿರಲಿಲ್ಲ. ಮಾಲೀಕತ್ವ ಕಾರ್ಮಿಕರದ್ದಾದರೂ ಪರ್ಮಿಟ್‌ನ ಷರತ್ತು ಬದಲಾಗುವುದಿಲ್ಲ ಎಂಬುದೇ ಇಲ್ಲಿನ ನಿಜವಾದ ಕಷ್ಟ. ನಷ್ಟದ ಭಾರಕ್ಕೆ 2020ರ ಫೆಬ್ರುವರಿಯಲ್ಲಿ ಬಸ್ಸುಗಳ ಸಂಚಾರ ನಿಂತಿತು.